ಹೆಸರಿಲ್ಲದ ಉತ್ತರ

ಒಪ್ಪಿಗೆ ಕೊಟ್ಟಾಗಿದೆ ಎಂದೇ ಪಂಪಮ್ಮ ಒಂದು ವಾರದಿಂದ ನಂಬಿಕೊಂಡಿದ್ದಳು.

ಕೊಟ್ಟದ್ದು ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ. ಬೆಳೆ ಸರ್ವೆ ಮುಗಿಸಿ ಅವಳೂ ಅಮರಗುಂಡಪ್ಪನೂ ಸಿಂಧನೂರಿನ ಬಸ್ಸಿಗೆ ಕಾಯುತ್ತಿದ್ದರು. ಅವನು ಶೇಂಗಾದ ಪೊಟ್ಟಣವನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಕೊನೆಗೆ ರಸ್ತೆಯನ್ನೇ ನೋಡುತ್ತ ಕೇಳಿದ:

“ಪಂಪಾ, ನಾವಿಬ್ರೂ ಒಂದ ಮನ್ಯಾಗ ಇದ್ರ ಹೆಂಗ್ರೀ?”

ಅವಳು ತಲೆ ತಗ್ಗಿಸಿದಳು. ವೇಲಿನ ತುದಿ ತಾನಾಗಿ ಬೆರಳಿಗೆ ಸುತ್ತಿಕೊಂಡಿತು. ಬಸ್ಸು ಬಂತು. ಹತ್ತಿ ಕೂತು, ಕಿಟಕಿಯಾಚೆ ಓಡುವ ಹಸಿರಿಗೆಲ್ಲ ಮುಗುಳ್ನಕ್ಕಳು. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಗೊರೇಬಾಳದ ಅವರ ಮನೆಯಲ್ಲಿ ಅಕ್ಕಂದಿರೆಲ್ಲ ಹೀಗೇ ತಲೆ ತಗ್ಗಿಸಿದ್ದರು. “ಸುಮ್ಮನದಾಳ, ಅಂದ್ರ ಒಪ್ಪ್ಯಾಳ” ಎಂದು ಹಿರಿಯರು ಸಕ್ಕರೆ ಹಂಚಿದ್ದರು.

ಆದರೆ ಆ ದಿನದಿಂದ ಅವನು ಅವಳನ್ನು ‘ಮೇಡಂ’ ಎಂದು ಕರೆಯತೊಡಗಿದ್ದ.

ಅದು ತೊಂಬತ್ತೊಂಬತ್ತನೆಯ ಇಸವಿ. ಇಬ್ಬರಿಗೂ ಬೀಜದ ಕಂಪನಿಯೊಂದರ ಕೆಲಸ. ಅವಳು ಊರೂರು ತಿರುಗಿ ಹೊಲಗಳ ಮಾಹಿತಿ ತರುತ್ತಿದ್ದಳು. ಅವನು ಸಿಂಧನೂರಿನ ಮರಿಸ್ವಾಮಿಯ ಕಂಪ್ಯೂಟರ್ ಸೆಂಟರಿನಲ್ಲಿ ಕೂತು, ಆರ್ ಎಂಬ ಹೊಸ ಭಾಷೆಯಲ್ಲಿ ಅದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದ. ಸಂಖ್ಯಾಶಾಸ್ತ್ರದವರ ಆ ಭಾಷೆಯನ್ನು ಗೆಳೆಯನೊಬ್ಬ ಹೈದರಾಬಾದಿನಿಂದ ಫ್ಲಾಪಿಗಳಲ್ಲಿ ತಂದುಕೊಟ್ಟಿದ್ದ.

“ಐತವಾರ ನಾ ಬರಂಗಿಲ್ಲ ಮೇಡಂ,” ಎಂದ ಅಮರ, ಅವಳು ಸೆಂಟರಿಗೆ ಬಂದು ಕುರ್ಚಿ ಎಳೆದುಕೊಳ್ಳುತ್ತಿದ್ದಂತೆ.

“ಹೆಂಗ ಬರ್ತಾನ?” ಒಳಗಿನಿಂದ ಮರಿಸ್ವಾಮಿ ಕೂಗಿದ. “ಅವರ ಮಾವ ಮುದಗಲ್‌ದಾಗ ಹೆಣ್ಣು ನೋಡ್ಯಾನ. ಹೊಸಾ ಅಂಗಿ ಹೊಲಿಸ್ಯಾನೋ ಇಲ್ಲೋ, ನೀನರ ಕೇಳವ್ವ!”

ಪಂಪಮ್ಮನಿಗೆ ತಲೆಯ ಮೇಲಿನ ಫ್ಯಾನು ಎಲ್ಲೋ ಬಹಳ ದೂರದಲ್ಲಿ ತಿರುಗುತ್ತಿರುವಂತೆ ಕೇಳಿಸಿತು. ಅಮರ ಅಂಗಿಯ ತೋಳು ಮಡಚುವುದರಲ್ಲಿ ಮಗ್ನನಾಗಿದ್ದ. ಮಡಚಲು ಅಲ್ಲಿ ಏನೂ ಉಳಿದಿರಲಿಲ್ಲ.

ಕೈಗೆ ಕೆಲಸ ಬೇಕಾಗಿ ಅವಳು ಕೀಬೋರ್ಡ್ ಎಳೆದುಕೊಂಡಳು. ಅವನು ಬರೆದಿದ್ದ ಪ್ರೋಗ್ರಾಮಿನ ನಡುವೆ ಸ್ವಿಚ್ ಎಂಬ ಆಜ್ಞೆಯೊಂದಿತ್ತು. ಮಣ್ಣಿನ ಹೆಸರು ಕೊಟ್ಟರೆ ಅದು ತನ್ನಲ್ಲಿರುವ ಹೆಸರುಗಳ ಜೊತೆ ಹೋಲಿಸಿ, ಹೊಂದಿದ ಹೆಸರಿನ ಮುಂದಿರುವ ಉತ್ತರವನ್ನು ಎತ್ತಿಕೊಡುತ್ತಿತ್ತು. ಎರಿಯ ಕಪ್ಪು ಮಣ್ಣಿಗೆ ಒಂದು ತಳಿ, ಮಸಾರಿಯ ಕೆಂಪಿಗೆ ಇನ್ನೊಂದು, ಸವಳಿನ ಉಪ್ಪು ಮಣ್ಣಿಗೆ ಮತ್ತೊಂದು. ಅವಳು ಕಲ್ಲುಮಣ್ಣಿನ ಹೆಸರು ‘ಮರಡಿ’ ಎಂದು ಕೊಟ್ಟಳು.

ಏನೂ ಬರಲಿಲ್ಲ. ಕೆಳಗಿನ ಸಾಲಿನಲ್ಲಿ ಕರ್ಸರ್ ಮಾತ್ರ ಕಣ್ಣು ಮಿಟುಕಿಸುತ್ತಿತ್ತು.

“ನಿಮ್ಮ ಸ್ವಿಚ್ಚು ಸುಮ್ಮನ ಕುಂತೈತಲ್ರೀ.”

“ಮರಡಿ ಬರದಿಲ್ಲ ನಾನು.”

“ಕಲ್ಲುಗುಡ್ಡದ ಮಸ್ಕಿಯವರಾಗಿ ಮರಡಿ ಮರ್ತ್ರಿ?”

ಅವನು ನಗಲಿಲ್ಲ. “ಹೆಸರು ಹೊಂದಲಿಲ್ಲ ಅಂದ್ರ ಅದು ಸುಮ್ಮನಾಗತೈತಿ. ತಪ್ಪು ಅಂತಾನೂ ಅನ್ನಂಗಿಲ್ಲ. ನಾವ ತಿಳ್ಕೋಬೇಕು.”

“ಏನಂತ?”

“ಅದರೊಳಗ ನಮ್ಮನ್ನ ಎಲ್ಲೂ ಬರದಿಲ್ಲ ಅಂತ.”

ಅವನ ಕಣ್ಣು ಪರದೆಯ ಮೇಲಿತ್ತು. ಆದರೆ ಆ ಮಾತು ಪರದೆಯದ್ದಲ್ಲ ಎಂದು ಅವಳಿಗೆ ತಟ್ಟನೆ ಹೊಳೆಯಿತು. ಲಿಂಗಸುಗೂರಿನಿಂದ ಇವನು ಬರಿಗೈಯಲ್ಲಿ ಬಂದಿದ್ದಾನೆ! ತಾನು ತಲೆ ತಗ್ಗಿಸಿ ಹೌದೆಂದದ್ದು ಇವನಿಗೆ ಕೇಳಿಸಿಯೇ ಇಲ್ಲ.

“ಕೊನಿಗೆ ಹೆಸರಿಲ್ಲದ್ದೊಂದು ಉತ್ತರ ಇಟ್ರ?” ಅವಳ ದನಿ ಸಣ್ಣದಾಗಿತ್ತು.

“ಯಾವುದೂ ಹೊಂದದಿದ್ರ ಅದ ಬರತೈತಿ. ಡಿಫಾಲ್ಟ್ ಅಂತಾರ.”

“ನಮ್ಮ ಮನ್ಯಾಗ ಹೆಣ್ಣುಮಕ್ಕಳಿಗೆಲ್ಲ ಅದೊಂದು ಇಟ್ಟಾರ್ರೀ. ನಾವು ಸುಮ್ಮನಿದ್ರ... ಹೌದು ಅಂತ.”

ಅಮರ ತಿರುಗಿದ. ಕಿಟಕಿಯ ಇಳಿಬಿಸಿಲು ಅವನ ಅರ್ಧ ಮುಖದ ಮೇಲಿತ್ತು. ಆ ಅರ್ಧ ಮೊದಲು ನಕ್ಕಿತು. ಇನ್ನರ್ಧ ನಗಲು ಹೊರಟು, ನಿಂತಿತು.

“ಅದು ನನಗ ಬ್ಯಾಡ.”

“ಯಾಕ?”

“ಅದು ಹಿರ್ಯಾರು ಬರದಿಟ್ಟಿದ್ದು. ನಾಳೆ ಇನ್ನೊಬ್ಬಾಂವ ಬಂದು ಕೇಳಿದ್ರೂ ಅದ ಬರತೈತಿ. ನಾ ಕೇಳಿದ್ದು ನಿಮ್ಮನ್ನ.”

ಮಾತು ಅವಳ ನಾಲಿಗೆಯ ತನಕ ಬಂತು, ಹಿಂದೆ ಸರಿಯಿತು. ಸೀರೆಯ ಬಣ್ಣದಿಂದ ಹಿಡಿದು ಕಾಲೇಜಿನ ತನಕ ಬೇಕಾದದ್ದನ್ನು ಬೇಕು ಎಂದು ಅವಳು ಬಾಯಿಬಿಟ್ಟು ಕೇಳಿದ್ದೇ ಇಲ್ಲ. ಅವನು ಕಾದ. ಆಮೇಲೆ ಎದ್ದ.

“ಮಾವ ಫೋನಿನ ಮುಂದ ಕುಂತಿರ್ತಾನ. ಬರ್ತೀನೋ ಇಲ್ಲೋ ಹೇಳಬೇಕು.”

ಎಸ್‌ಟಿಡಿ ಬೂತು ರಸ್ತೆಯ ಆಚೆ ಬದಿಗಿತ್ತು. ನೆಲ್ಲಿನ ಚೀಲ ಹೇರಿದ ಟ್ರ್ಯಾಕ್ಟರೊಂದು ಇಬ್ಬರ ನಡುವೆ ಹಾದುಹೋಯಿತು. ಎದ್ದ ಧೂಳು ಬಿಸಿಲಿನಲ್ಲಿ ಬಂಗಾರವಾಗಿ ತೇಲುತ್ತಿತ್ತು. ಗಾಜಿನ ಹಿಂದೆ ಅಮರ ನಂಬರು ಒತ್ತುವುದು ಕನಸಿನಲ್ಲಿ ಕಂಡಂತೆ ಕಂಡಿತು. ಕಣ್ಣೆದುರೇ ಇದ್ದಾನೆ, ಕೈಗೆ ಎಟುಕುತ್ತಿಲ್ಲ. ಧೂಳು ಇಳಿಯುವ ಮೊದಲೇ ಪಂಪಮ್ಮ ರಸ್ತೆ ದಾಟಿದ್ದಳು.

“ಹಲೋ ಮಾವ, ಐತವಾರ—”

ಅವಳು ಬಾಗಿಲು ತಳ್ಳಿದಳು. “ಬರಂಗಿಲ್ಲ ಅಂತ ಹೇಳ್ರಿ!”

ಫೋನಿನೊಳಗಿನ ಗಡಸು ದನಿ ಬೂತಿನ ತುಂಬ ಕೇಳಿಸಿತು. “ಯಾರಲೇ ಅದು, ಹೆಣ್ಣಿನ ದನಿ?”

ಅಮರ ರಿಸೀವರನ್ನು ಅವಳತ್ತ ಚಾಚಿದ. ಅದನ್ನು ಕಂಡೇ ಅವಳಿಗೆ ಧೈರ್ಯ ಬಂದದ್ದು.

“ನಾನ್ರೀ, ಗೊರೇಬಾಳದ ಪಂಪಮ್ಮ. ಇವರು ಮುದಗಲ್ಲಿಗೆ ಬರಂಗಿಲ್ಲ. ಇವರು... ನನಗ ಬೇಕ್ರೀ.”

“ಲೈನು ಸರಿ ಇಲ್ಲವ್ವಾ. ಜೋರ ಹೇಳು.”

“ಇವರು ನನಗ ಬೇಕ್ರೀ!”

ಬೂತಿನ ಮಲೀಕಸಾಬ ರೇಡಿಯೋ ಸಣ್ಣ ಮಾಡಿ ಕತ್ತು ಚಾಚಿದ. “ಲೈನು ಸಾಫ್ ಐತಿ ತಂಗಿ. ಅವರು ಬೇಕಂತಲೇ ಮತ್ತ ಕೇಳಾಕತ್ತಾರ.”

ಆ ಕಡೆ ಮಾವ ಕೆಮ್ಮು ಬರುವಷ್ಟು ನಕ್ಕ. “ಮತ್ತ ಮುದಗಲ್‌ನವರಿಗೆ ನಾ ಏನಂತ ಹೇಳ್ಲವ್ವಾ?”

“ನಾನ ಹೇಳ್ತೀನ್ರೀ. ನಂಬರ್ ಕೊಡ್ರಿ.”

“ಬ್ಯಾಡ ತಾಯಿ! ಅದೊಂದು ನನಗ ಬಿಡು. ನಿಮ್ಮಪ್ಪನ ಕಡೆ ನಾನ ಬರ್ತೀನಿ.”

ಫೋನ್ ಇಟ್ಟಳು. ಬೂತು ಒಬ್ಬರಿಗೆಂದು ಮಾಡಿದ್ದು. ಇಬ್ಬರೂ ಉಸಿರು ಬಿಡಲು ಅಂಜುವಷ್ಟು ಹತ್ತಿರ ನಿಂತಿದ್ದರು. ಈ ಸಲ ಅವಳು ತಲೆ ತಗ್ಗಿಸಲಿಲ್ಲ.

“ಊರಿಗೆಲ್ಲ ಹೇಳಿದ್ರಿ,” ಎಂದ ಅಮರ, ಮೆಲ್ಲಗೆ. “ನನಗ ಹೇಳಲಿಲ್ಲ.”

ಅವಳು ಕಾಲಿನಿಂದ ಬಾಗಿಲು ಮುಚ್ಚಿದಳು. ಮಲೀಕಸಾಬನ ರೇಡಿಯೋ ಹೊರಗೇ ಉಳಿಯಿತು. ಅವನಿಗಷ್ಟೇ ಕೇಳುವಂತೆ ಹೇಳಿದಳು:

“ನನಗ ನೀ ಬೇಕು, ಅಮರ.”