ಗುಲಾಬಿ ಸಾಲಿಗೆ ಹೋದ ಹುಳಗಳು

ಸೈನ್ಸ್ ಮಿಸ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಇಡೀ ಶಾಲೆಗೆ ಗೊತ್ತಿತ್ತು. ಆ ಮೂಗು ಎಷ್ಟು ಚಂದ ಎಂದು ಗಮನಿಸಿದವನು ಮಾತ್ರ ಒಬ್ಬನೇ, ಶಾಲೆಯ ಗೋಡೆಯಾಚೆಗಿನ ಪಾರ್ಕಿನ ಹೆಡ್ ಗಾರ್ಡನರ್.

ಮೊದಲ ದಿನ ಅವಳು ಆರನೇ ಕ್ಲಾಸಿನ ಅಷ್ಟೂ ಮಕ್ಕಳ ಕೈಗೆ ಸಣ್ಣ ಗುದ್ದಲಿ ಕೊಟ್ಟು ಕೊಳದ ಹಿಂದಿನ ಮೂಲೆಗೆ ನುಗ್ಗಿದ್ದಳು. ಅವನು ಓಡಿ ಬಂದ.

"ಏನ್ರೀ ಇದು, ಯುದ್ಧಕ್ಕೆ ಹೊರಟಿದ್ದೀರಾ?"

"ಯುದ್ಧ ಅಲ್ಲ, ಸಂಧಾನ. ಈ ಮೂಲೇಲಿ ಮೊದಲು ಏನೇನು ಬೆಳೀತಿತ್ತೋ ಅದನ್ನೆಲ್ಲ ವಾಪಸ್ ಬೆಳೆಸ್ತೀವಿ. ಪರ್ಮಿಷನ್ ಇದೆ."

"ಮೊದಲು ಬೆಳೀತಿದ್ದದ್ದು ಎಕ್ಕ, ತುಂಬೆ, ಕಾಡುಹುಲ್ಲು. ಅದನ್ನ ಕಿತ್ತು ಕಿತ್ತು ನನ್ನ ಸೊಂಟ ಬಿದ್ದುಹೋಗಿದೆ. ಈಗ ನೀವು ನೆಡ್ತೀರಾ?"

"ಹೌದು. ನಿಮ್ಮ ಸೊಂಟಕ್ಕೂ ರಜ ಸಿಕ್ತು ನೋಡಿ."

ಮಕ್ಕಳು ಕಿಸಕ್ಕನೆ ನಕ್ಕರು. ಅವನೂ ನಗು ತಡೆಯಲು ಮೀಸೆ ಸವರಿಕೊಂಡ. ಹಾಗೆ ಮೀಸೆ ಸವರುವುದು ಅವನಿಗೆ ಸೋಲೊಪ್ಪುವ ದಾರಿ ಎಂದು ಅವಳಿಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಮುಂಚೆ ಮಕ್ಕಳ ಕೆಲಸ ನಡೆಯುತ್ತಿತ್ತು. ಅವನು ಮೊದಮೊದಲು ದೂರ ನಿಂತು ನೋಡಿದ. ಆಮೇಲೆ ನೀರಿನ ಪೈಪು ಎಳೆದು ತಂದ. ಆಮೇಲೆ ಪೈಪಿನ ಜೊತೆ ತಾನೂ ನಿಂತ. ಮಕ್ಕಳು ಅವನನ್ನು ಗುಲಾಬಿ ಅಂಕಲ್ ಎಂದು ಕರೆದರು, ಏಕೆಂದರೆ ಪಾರ್ಕಿನ ನಡುವಿನ ಗುಲಾಬಿ ಸಾಲು ಅವನ ಪ್ರಾಣ.

"ಗುಲಾಬಿ ಸರಿ, ಅಂಕಲ್ ಯಾಕೆ? ನನಗಿನ್ನೂ ಮದುವೆಯೇ ಆಗಿಲ್ಲ," ಎಂದು ಅವನು ಮಕ್ಕಳಿಗೆ ಹೇಳುತ್ತ ಮಿಸ್ ಕಡೆ ನೋಡುತ್ತಿದ್ದ.

"ಅದನ್ನ ನನ್ನ ನೋಡ್ಕೊಂಡು ಯಾಕೆ ಹೇಳ್ತೀರಿ?" ಎಂದು ಅವಳು ಕೇಳಿಯೇ ಬಿಟ್ಟಳು.

"ಬಿಸಿಲು ಆ ಕಡೆಯಿಂದ ಬರ್ತಿಲ್ಲ, ಅದಕ್ಕೆ."

ಅವಳು ಬಗ್ಗಿ ತುಂಬೆಯ ಬುಡಕ್ಕೆ ಮಣ್ಣು ಒತ್ತಿದಳು. ಬೇಕಾದ್ದಕ್ಕಿಂತ ಜಾಸ್ತಿಯೇ ಒತ್ತಿದಳು. ಕಿವಿ ಕೆಂಪಾದದ್ದು ಅವನಿಗೆ ಕಂಡಿತು. ಕಂಡರೆ ಕಾಣಲಿ ಎನಿಸಿತು ಅವಳಿಗೆ.

ಎಕ್ಕ ಚಿಗುರಿತು. ಒಂದು ದಿನ ಕಿತ್ತಳೆ ಬಣ್ಣದ ಚಿಟ್ಟೆಗಳು ಬಂದು ಮೊಟ್ಟೆಯಿಟ್ಟವು, ಪಟ್ಟೆ ಪಟ್ಟೆಯ ಹುಳಗಳು ಹುಟ್ಟಿದವು. ಅಬ್ಬಾ, ಆ ಮಕ್ಕಳ ಸಂಭ್ರಮ! ಒಂದೊಂದು ಹುಳಕ್ಕೂ ಒಂದೊಂದು ಹೆಸರು. ಹುಳ ಗೂಡು ಕಟ್ಟುವುದನ್ನು ಮಿಸ್, ಗೂಡು ಒಡೆದು ರೆಕ್ಕೆ ಬರುವುದನ್ನು ಕಣ್ಣಿಗೆ ಕಟ್ಟುವಂತೆ ಹೇಳಿದಳು. ಈ ಹುಳ ಎಕ್ಕದ ಜಾತಿಯ ಗಿಡ ಬಿಟ್ಟು ಬೇರೆ ಎಲೆ ಮುಟ್ಟುವುದಿಲ್ಲ ಎಂಬ ಒಂದು ಮಾತು ಮಾತ್ರ ಪಾಠದಲ್ಲಿ ಬಿಟ್ಟುಹೋಯಿತು.

ಒಂದು ಬೆಳಿಗ್ಗೆ ಬಂದು ನೋಡಿದರೆ ಎಕ್ಕದ ಮೇಲೆ ಒಂದು ಹುಳವೂ ಇಲ್ಲ. ಅವನು ಬೆನ್ನಿಗೆ ಸ್ಪ್ರೇ ಕ್ಯಾನ್ ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದ. ಅಷ್ಟು ಸಾಕಾಯಿತು ಅವಳಿಗೆ.

"ನಿಮ್ಮ ಗುಲಾಬಿಗೆ ಎಲ್ಲಿ ಹುಳ ಬೀಳುತ್ತೋ ಅಂತ ನಮ್ಮ ಹುಳಗಳಿಗೆ ವಿಷ ಹೊಡೆದ್ರಾ? ಮಕ್ಕಳು ಸಾಕಿದ ಹುಳ ರೀ ಅವು! ಮೊದಲ ದಿನದಿಂದ ನಮ್ಮ ಮೂಲೆ ಕಂಡರೆ ನಿಮಗಾಗ್ತಿರಲಿಲ್ಲ. ಈ ನಗು, ಈ ನೀರು, ಎಲ್ಲಾ ನಾಟಕ!"

ವಾಕಿಂಗ್ ಬಂದವರೆಲ್ಲ ನಿಂತು ನೋಡಿದರು. ಮಕ್ಕಳು ಒಬ್ಬರ ಹಿಂದೊಬ್ಬರು ಸರಿದರು. ಅವನು ಕ್ಯಾನ್ ಇಳಿಸಿ ಮುಚ್ಚಳ ತೆಗೆದ. ಒಳಗಿದ್ದದ್ದು ಬರೀ ನೀರು, ಹೊಸ ಸಸಿಗಳ ಎಲೆಗೆ ಚಿಮುಕಿಸಲು ತಂದದ್ದು. ಅವಳು ಆ ಕಡೆ ನೋಡಲೂ ಇಲ್ಲ.

"ಕೇಳಿದ್ರೆ ಹೇಳ್ತಿದ್ದೆ ಮಿಸ್. ನೀವು ಕೇಳಲಿಲ್ಲ, ತೀರ್ಪು ಕೊಟ್ರಿ," ಎಂದ. ಮೀಸೆ ಸವರಲಿಲ್ಲ. ಹೊರಟುಹೋದ.

ಆ ಸಂಜೆ ಮನೆಯಲ್ಲಿ ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದಳು. ಅಮ್ಮನಿಗೆ ಎಲ್ಲ ವರದಿಯೂ ಆಗಿತ್ತು.

"ತಪ್ಪು ಅವನದ್ದಾದ್ರೆ ನಿಂಗ್ಯಾಕೆ ಊಟ ಸೇರ್ತಿಲ್ಲ?" ಎಂದಳು ಅಮ್ಮ.

"ಕೋಪಕ್ಕೆ."

"ಕೋಪ ಬಂದಾಗ ನೀನು ಎರಡರಷ್ಟು ತಿನ್ನೋಳು. ನಾನು ಹೆತ್ತೋಳು ಕಣೇ, ನಂಗೇ ಹೇಳ್ತೀಯಾ?"

ಅವಳು ತಟ್ಟೆ ದೂರ ಸರಿಸಿದಳು. ಅವನು ಬೇಕು ಎನ್ನುವುದು ಎದೆಯೊಳಗೆ ಸ್ಪಷ್ಟವಾಗಿಯೇ ಇತ್ತು, ಅದೇ ಸಂಕಟ.

ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಎರಡು ಜಡೆಯ ಇಬ್ಬರು ಹುಡುಗಿಯರು ಅಳುಮುಖ ಮಾಡಿಕೊಂಡು ನಿಂತಿದ್ದರು.

"ಮಿಸ್, ಬೈಯಲ್ಲ ಅಂದ್ರೆ ಹೇಳ್ತೀವಿ."

"ಮೊದಲು ಹೇಳಿ, ಆಮೇಲೆ ಯೋಚನೆ ಮಾಡ್ತೀನಿ."

"ಹುಳಗಳು ನಮ್ಮ ಎಕ್ಕನೆಲ್ಲ ತಿಂದು ಖಾಲಿ ಮಾಡ್ತಿದ್ವು ಮಿಸ್. ನಾವೇ ನೆಟ್ಟಿದ್ದಲ್ವಾ, ಪಾಪ ಅನ್ನಿಸ್ತು. ಹುಳಾನೂ ಪಾಪ, ಎಲೆ ಸಾಲಲ್ಲ. ಅದಕ್ಕೆ ಎಲ್ಲಾನೂ ಡಬ್ಬಿಗೆ ಹಾಕ್ಕೊಂಡು..."

"ಹಾಕ್ಕೊಂಡು?"

"ಅಂಕಲ್ ಗುಲಾಬಿ ಗಿಡಕ್ಕೆ ಬಿಟ್ವಿ. ಅಲ್ಲಿ ತುಂಬಾ ಎಲೆ ಇದೆ."

ಅವಳು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದಳು, ಅದೂ ಊರವರ ಎದುರು! ಮಕ್ಕಳಿಗೆ ಬೈಯಲು ಬಾಯೇ ಬರಲಿಲ್ಲ. ಹೇಳಬೇಕಾದ್ದನ್ನು ಹೇಳದೆ ಬಿಟ್ಟವಳು ತಾನೇ ಅಲ್ಲವೇ?

ಇಡೀ ಕ್ಲಾಸನ್ನು ಎಬ್ಬಿಸಿಕೊಂಡು ಪಾರ್ಕಿಗೆ ಓಡಿದಳು. ಗೇಟಿನಲ್ಲಿ ವಾಚ್‌ಮನ್ ತಡೆದ.

"ಗುಲಾಬಿಯವರನ್ನ ನೋಡೋಕಾ ಮೇಡಂ? ಬೇಗ ಹೋಗಿ. ನಿನ್ನೆನೇ ಆಫೀಸರಿಗೆ ಫೋನ್ ಮಾಡಿ, ನನ್ನ ಬೇರೆ ಪಾರ್ಕಿಗೆ ಹಾಕಿ ಅಂದುಬಿಟ್ಟವ್ರೆ. ನಾಳೆಯಿಂದ ಬರಲ್ವಂತೆ."

ಅವನು ಗುಲಾಬಿ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮುಳ್ಳುಗಳ ನಡುವೆ ಕೈ ತೂರಿಸಿ ಹುಳ ಹೆಕ್ಕುತ್ತಿದ್ದ. ಮೊಣಕೈವರೆಗೂ ಗೀರು. ಪಕ್ಕದ ಬುಟ್ಟಿಯಲ್ಲಿ ಎಕ್ಕದ ಎಲೆ ಹಾಸಿತ್ತು, ಅದರ ಮೇಲೆ ಹುಳಗಳು ಮೂರು ಲೋಕ ಮರೆತು ಮೇಯುತ್ತಿದ್ದವು.

ಅವಳು ದಾರಿಯ ಮಧ್ಯ ನಿಂತು, ವಾಕಿಂಗಿನವರಿಗೆಲ್ಲ ಕೇಳಿಸುವಂತೆ ಕೂಗಿ ಹೇಳಿದಳು: "ಇವರು ಏನೂ ಮಾಡಿಲ್ಲ! ತಪ್ಪು ನಂದು. ಕ್ಷಮಿಸಿ!"

ಅವನು ತಲೆ ಎತ್ತಿದ. "ಮೆಲ್ಲಗೆ ರೀ. ಹುಳಗಳು ಬೆಚ್ಚಿಬೀಳ್ತವೆ."

"ಬೈದದ್ದು ಜೋರಾಗಿ ಅಲ್ವಾ? ಕ್ಷಮೆ ಮಾತ್ರ ಕಿವಿಯಲ್ಲಿ ಪಿಸುಗುಟ್ಟೋದು ಸರಿಯಲ್ಲ."

"ಕಿವಿಯಲ್ಲಿ ಪಿಸುಗುಟ್ಟಿದ್ರೂ ನನ್ನದೇನೂ ಅಭ್ಯಂತರ ಇರ್ಲಿಲ್ಲ."

ಮಕ್ಕಳು ಆಗಲೇ ಸಾಲಿಗಿಳಿದು ಹುಳ ಹುಡುಕತೊಡಗಿದ್ದರು. ಅವಳೂ ಅವನ ಪಕ್ಕ ಕೂತು ಕೊಂಬೆ ಸರಿಸಿದಳು. ಮುಳ್ಳು ಚುಚ್ಚಿತು. ಅವನು ಅವಳ ಬೆರಳು ಹಿಡಿದು ಮುಳ್ಳು ತೆಗೆದ. ತೆಗೆದ ಮೇಲೂ ಬೆರಳು ಬಿಡಲಿಲ್ಲ.

"ನಿಜವಾಗ್ಲೂ ಹೋಗ್ತೀರಾ?" ಎಂದು ಕೇಳಿದಳು. ಇಷ್ಟು ಸಣ್ಣ ದನಿ ತನ್ನದೇ ಎಂದು ಅವಳಿಗೇ ಆಶ್ಚರ್ಯವಾಯಿತು.

"ಆಫೀಸರು ಒಪ್ಪಿಬಿಟ್ಟಿದ್ದಾರೆ. ಈಗ ಬೇಡ ಅನ್ನೋಕೆ ಗಟ್ಟಿ ಕಾರಣ ಬೇಕಲ್ಲ?"

ಅವಳು ಉಸಿರು ಎಳೆದುಕೊಂಡಳು. ನಾಚುತ್ತ ಕೂತರೆ ನಾಳೆ ಈ ಸಾಲಿನಲ್ಲಿ ಬೇರೆ ಯಾರೋ ಇರುತ್ತಾರೆ.

"ನಾನಿದ್ದೀನಲ್ಲ, ನಾನೇ ಕಾರಣ. ನನಗೆ ನೀವು ಬೇಕು. ಸಾಕಾ, ಇನ್ನೂ ಗಟ್ಟಿ ಬೇಕಾ?"

ಹುಡುಗಿಯರು ಹುಳ ಹುಡುಕುವುದನ್ನು ಮರೆತು ಬಾಯಿ ತೆರೆದು ನಿಂತರು. ಅವನು ಕೈ ಮೀಸೆಗೆ ಹೋಗುವುದನ್ನು ಕಷ್ಟಪಟ್ಟು ತಡೆದು, ಜೇಬಿನಿಂದ ಮೊಬೈಲ್ ತೆಗೆದ.

"ಸಾರ್, ನಮಸ್ಕಾರ. ಆ ಟ್ರಾನ್ಸ್‌ಫರ್ ಬೇಡ ಸಾರ್... ಹೌದು ಸಾರ್, ನಾನೇ ಕೇಳಿದ್ದು... ಕಾರಣವಾ? ಕಾರಣ ಇಲ್ಲೇ ಪಕ್ಕದಲ್ಲಿ ಕೂತಿದೆ ಸಾರ್, ನನ್ನೇ ನುಂಗೋ ಹಾಗೆ ನೋಡ್ತಿದೆ."

ಅವಳು ಫೋನು ಕಿತ್ತುಕೊಂಡು ಕಿವಿಗಿಟ್ಟುಕೊಂಡಳು.

"ನಮಸ್ಕಾರ ಸಾರ್. ನಾನು ಕಾರಣ ಮಾತಾಡ್ತಿದ್ದೀನಿ."