ತಂಗಿಯ ನಾಡಿ

ಆ ಬೆಳಿಗ್ಗೆ ಗಾಳಿ ಉಸಿರು ಬಿಗಿಹಿಡಿದಂತಿತ್ತು. ಕಡಲ ಮೇಲೂ ಮಂಜು, ಪ್ರಯೋಗಾಲಯದ ಗಾಜಿನ ಮೇಲೂ ಮಂಜು.

ಬಾಗಿಲ ಬಳಿ ಬಂದ ಸಂಶೋಧಕಿಯ ಕಾಲುಗಳು ನಿಂತಲ್ಲೇ ನಿಂತವು. ಒಳಗೆ ಅವನು, ಎಲ್ಲರೂ ‘ಮೌನಿ’ ಎನ್ನುವ ಅವಳ ಸಹೋದ್ಯೋಗಿ, ಮುಖ್ಯಸ್ಥೆಯ ಜೊತೆ ಫೋನಿನಲ್ಲಿದ್ದ.

“ತಂಗಿಗೆ ನಿನ್ನೆಯಿಂದ ಒಂದೇ ಸಮ ಹೆದರಿಕೆ, ಮೇಡಂ. ನನ್ನ ಮುಖ ಕಂಡ್ರೆ ಮೂಲೆ ಸೇರ್ತಾಳೆ. ಬೇರೆ ಕೋಣೆಗೆ ಕಳಿಸಿಬಿಡೋಣ.”

ತಂಗಿ...!

ನಿನ್ನೆ ಸಂಜೆಯಷ್ಟೇ ಅವಳು ಮಾನ ಬದಿಗಿಟ್ಟು ಕೇಳಿದ್ದಳು, “ನನ್ನನ್ನ ಮದುವೆ ಆಗ್ತೀರಾ?” ಅವನು ಕಂಬದಂತೆ ನಿಂತು, ಉತ್ತರ ಕೊಡದೆ ಹೊರಟುಹೋಗಿದ್ದ.

‘ದೇವರೇ, ಕೇಳಿದ್ದೇ ತಪ್ಪಾಯಿತೇ? ಈಗ ನಾನು ತಂಗಿಯೇ?’

ಅವಳು ಬಾಗಿಲನ್ನು ದಢಾರನೆ ತಳ್ಳಿದಳು. “ಯಾರೂ ಕಳಿಸೋದು ಬೇಡ, ನಾನೇ ಹೋಗ್ತೀನಿ... ಅಣ್ಣಾ!”

“ಅಣ್ಣಾನಾ?!”

ಅಷ್ಟರಲ್ಲಿ ಗೋಡೆಯ ಪರದೆಯ ಮೇಲೆ ಏರಿಳಿಯುತ್ತಿದ್ದ ನಾಡಿಯ ಗೆರೆ ಚಪ್ಪಟೆಯಾಯಿತು.

“ಅಯ್ಯೋ, ತಂಗಿ!” ಅವನು ತೊಟ್ಟಿಯತ್ತ ಧಾವಿಸಿದ. ಅಲ್ಲಿ ನಿನ್ನೆ ಬಂದ ಪುಟ್ಟ ಆಕ್ಟೋಪಸ್ ಬಿಳಚಿಕೊಂಡು ಮುದುಡಿತ್ತು.

“ಇದಾ... ತಂಗಿ?”

“ಪಕ್ಕದ ತೊಟ್ಟಿಯದನ್ನ ಅಕ್ಕ ಅಂತೀವಲ್ಲ! ಆಮೇಲೆ ಬಂದದ್ದು ತಂಗಿ ತಾನೇ?”

ಹಗ್ಗವನ್ನು ಹಾವೆಂದುಕೊಂಡ ನಾಚಿಕೆಗೂ ಈಗ ಹೊತ್ತಿರಲಿಲ್ಲ. ಅವಳು ದೀಪ ಆರಿಸಿ, ತೊಟ್ಟಿಗೆ ಬಟ್ಟೆ ಮುಚ್ಚಿದಳು.

“ನನ್ನ ಕೂಗಿಗೇ... ಸತ್ತುಹೋಯ್ತಾ?”

“ಶ್... ಇಲ್ಲ. ಬೆಚ್ಚಿದಾಗ ಒಂದು ನರ ಹೃದಯಕ್ಕೆ ‘ನಿಲ್ಲು’ ಅನ್ನುತ್ತೆ. ರಕ್ತನಾಳಗಳನ್ನೂ ಬಿಗಿಯುತ್ತೆ. ಭಯ ಇಳಿದ್ರೆ ಆ ನರವೇ ಬಿಡುತ್ತೆ.”

“ಬಿಡದಿದ್ರೆ?”

ಅವನು ಪರದೆಯತ್ತ ಬಾಗಿದ. ಗೆರೆ ಅಲುಗಲಿಲ್ಲ. ಅವಳು ಕಣ್ಣು ಮುಚ್ಚಿದಳು. ಬಿಗಿದ ದೇವರಿಗೆ ಸಡಿಲಿಸುವುದೂ ಗೊತ್ತು ಎಂದು ನಂಬಿ ಕಾಯುವುದಷ್ಟೇ ಮನುಷ್ಯರ ಪಾಲು.

“ನೋಡಿ!”

ಗೆರೆ ಮಿಡುಕಿತು... ಮತ್ತೊಮ್ಮೆ ಮಿಡುಕಿತು... ಮೆಲ್ಲಗೆ ಅಲೆಯಾಯಿತು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

“ನಿನ್ನೆ ಯಾಕೆ ಓಡಿಹೋದ್ರಿ?” ಪಿಸುಗುಟ್ಟಿದಳು.

“ಒಲ್ಲೆ ಅಂತ ಅಲ್ಲ. ಸಂತೋಷಕ್ಕೂ ಬಾಯಿ ಕಟ್ಟುತ್ತೆ ಅಂತ ನನಗೇನು ಗೊತ್ತಿತ್ತು? ಮೊದಲು ಆ ‘ಅಣ್ಣಾ’ನ ವಾಪಸ್ ತಗೊಳ್ಳಿ!”

“ತಗೊಂಡೆ. ಈಗ ನನ್ನ ಉತ್ತರ ಕೊಡಿ.”

ತಂಗಿ ಮತ್ತೆ ಬೆಚ್ಚದಂತೆ, ಅವನು ಅವಳ ಕಿವಿಯ ಹತ್ತಿರ ಬಾಗಿ, ನಿನ್ನೆಯಿಂದ ಉಳಿಸಿಕೊಂಡಿದ್ದ ಒಂದೇ ಮಾತನ್ನು ಮೆಲ್ಲಗೆ ಒಪ್ಪಿಸಿದ:

“ಆಗ್ತೀನಿ.”