ಗೆರೆಯಿಲ್ಲದ ಕಾಗದ

“ಈಗ ಸುಲಭವಾಗಿ ಹೀಗೆ ಮಡಚಿ, ಮಕ್ಕಳೇ!” ಎಂದ ಫೋನಿನೊಳಗಿನ ಪೇಪರ್ ತಾತ.

“ಹೀಗೆ ಅಂದ್ರೆ ಹೇಗೆ?” ಸಿಡುಕಿ ಫೋನಿನ ಮೇಲೇ ರೇಗಿದಳು. ಹದಿನೇಳನೆಯ ಹಾಳೆ ಮುದ್ದೆಯಾಗಿ ಮೇಜಿನ ಕೆಳಗೆ ಹೋಯಿತು.

ಮನೆಯಲ್ಲಿ ಅವಳನ್ನು ಸಿಡುಕಿ ಎನ್ನುತ್ತಿದ್ದದ್ದು ಸುಮ್ಮನೆ ಅಲ್ಲ. ಆದರೆ ಇವತ್ತು ಸಿಟ್ಟಿಗೆ ಕಾರಣವಿತ್ತು. ಬೆಂಚಿನಲ್ಲಿ ಪಕ್ಕದಲ್ಲಿ ಕೂರುವ ಗೆಳತಿ ನಾಳೆ ಶಾಲೆ ಬಿಟ್ಟು ಬೇರೆ ಊರಿಗೆ ಹೋಗುವವಳಿದ್ದಳು. “ನಿಂಗೆ ಕಾಗದದ ಗೂಬೆ ಮಾಡಿಕೊಡ್ತೀನಿ, ಪ್ರಾಮಿಸ್!” ಎಂದು ಸಿಡುಕಿ ಇಡೀ ಕ್ಲಾಸಿನ ಮುಂದೆ ಹೇಳಿಬಿಟ್ಟಿದ್ದಳು.

ಪೇಪರ್ ತಾತನಿಗೆ ನಲವತ್ತು ವರ್ಷದ ಅನುಭವವಂತೆ. ಏಳು ಮಡಿಕೆ ಹಾಕಿ, ಹಾಳೆಯನ್ನು ಪೂರ್ತಿ ಬಿಚ್ಚಿ ತೋರಿಸುತ್ತಿದ್ದ. ಆಮೇಲೆ ಒಮ್ಮೆ ಕೈಯಾಡಿಸಿದರೆ ಸಾಕು, ಗೂಬೆ ಎದ್ದು ಕೂರುತ್ತಿತ್ತು. ಇವಳ ಕೈಯಲ್ಲಿ ಉಳಿಯುತ್ತಿದ್ದದ್ದು ಚಪ್ಪಟೆ ತ್ರಿಕೋನ.

“ನನ್ನ ಕೈಯೇ ದಂಡ,” ಎಂದಳು.

ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಗೋಂದಿನ ಕೈ ಒರೆಸಿಕೊಂಡು ಬಂದ. “ಕೊಡು ಇಲ್ಲಿ. ದಿನಾ ಸಾವಿರ ಹಾಳೆ ಮಡಚೋನಿಗೆ ಇದೊಂದು ಗೂಬೆ ಯಾವ ಲೆಕ್ಕ?”

ಹತ್ತು ನಿಮಿಷದಲ್ಲಿ ಅಪ್ಪನ ಕಿವಿಯೂ ಕೆಂಪಾಯಿತು. “ಥತ್! ಯಾವನೇ ಇವನು?”

ಸಿಡುಕಿ ಮುದ್ದೆಯೊಂದನ್ನು ಬಿಡಿಸಿ ಮೇಜಿನ ಮೇಲೆ ಉಜ್ಜತೊಡಗಿದಳು.

“ಸುಮ್ನೆ ಉಜ್ಜಬೇಡ. ಒಂದು ಸಲ ಮಡಚಿದ ಗೆರೆ ಇಸ್ತ್ರಿ ಹಾಕಿದ್ರೂ ಹೋಗಲ್ಲ,” ಎಂದ ಅಪ್ಪ.

ಸಿಡುಕಿಯ ಕೈ ನಿಂತಿತು. ವಿಡಿಯೊ ಹಿಂದಕ್ಕೆ ಓಡಿಸಿ, ತಾತ ಹಾಳೆ ಬಿಚ್ಚುವ ಕಡೆ ನಿಲ್ಲಿಸಿದಳು.

“ಅಪ್ಪಾ, ಏಳು ಸಲ ಮಡಚಿದಾನೆ. ಒಂದೂ ಗೆರೆ ಇಲ್ವಲ್ಲ!”

ಅಪ್ಪ ಕನ್ನಡಕ ಏರಿಸಿ ನೋಡಿದ. “ಅದನ್ನ ಯಾರೂ ಮಡಚೇ ಇಲ್ಲ ಕಣೇ. ತಾತನೂ ಇಲ್ಲ, ಕಾಗದನೂ ಇಲ್ಲ. ಎಐ ಕೈಲಿ ಮಾಡ್ಸಿರೋ ವಿಡಿಯೊ.”

“ಸುಳ್ಳುಸುಳ್ಳೇ ಯಾಕೆ ಮಾಡ್ತಾರೆ?”

“ಎಷ್ಟು ಸಲ ನೋಡ್ದೆ?”

“ಮೂವತ್ತು.”

“ಮೂವತ್ತು ಸಲ ಜಾಹೀರಾತೂ ನೋಡ್ದೆ. ಅವರಿಗೆ ಅಷ್ಟೇ ಬೇಕು.”

“ಅಯ್ಯೋ, ಲೈಕ್ ಬೇರೆ ಒತ್ತಿದೀನಿ!” ಸಿಡುಕಿ ಹಣೆ ಚಚ್ಚಿಕೊಂಡಳು.

ಅಪ್ಪನಿಗೆ ಬರುತ್ತಿದ್ದದ್ದು ಒಂದೇ ಹಕ್ಕಿ, ಅದೂ ಅರ್ಧ ಮರೆತದ್ದು. ಇಬ್ಬರೂ ಮಡಚಿದರು, ಬಿಚ್ಚಿದರು, ಜಗಳವಾಡಿದರು. ಊಟದ ಹೊತ್ತಿಗೆ ಹಕ್ಕಿ ಒಂದು ಕಡೆ ವಾಲಿಕೊಂಡು ನಿಂತಿತು.

ಮಾರನೆಯ ದಿನ ಗೆಳತಿ ಕೇಳಿದಳು, “ಗೂಬೆ ಎಲ್ಲೇ?”

“ಗೂಬೆ ಆಗ್ಲಿಲ್ಲ. ಇದು... ಯಾವುದೋ ಹಕ್ಕಿ.”

ಹಿಂದಿನ ಬೆಂಚಿನವರು ಕಿಸಕ್ಕೆಂದರು. ಗೆಳತಿ ಹಕ್ಕಿಯನ್ನು ತಿರುಗಿಸಿ ನೋಡಿ, ಮೆಲ್ಲಗೆ ಬಿಚ್ಚತೊಡಗಿದಳು.

“ಏಯ್, ಬಿಚ್ಚಬೇಡ್ವೇ!”

ಅಷ್ಟರಲ್ಲಿ ಹಾಳೆ ಬೆಂಚಿನ ಮೇಲೆ ಹರಡಿಕೊಂಡಿತ್ತು. ಅದರ ತುಂಬಾ ಗೆರೆಗಳು. ಗೆಳತಿ ಒಂದೊಂದರ ಮೇಲೂ ಬೆರಳಾಡಿಸುತ್ತ ಮತ್ತೆ ಮಡಚಿದಳು.

“ಇಲ್ಲಿ ಎರಡು ಗೆರೆ ಇದೆ. ಯಾವುದೇ?”

“ಸೊಟ್ಟಗಿರೋದು ನನ್ನ ತಪ್ಪು. ಪಕ್ಕದ್ದು ಹಿಡಿ.”

ಹಕ್ಕಿ ಮತ್ತೆ ಎದ್ದು ನಿಂತಿತು. “ಬಂತು! ಹೊಸ ಊರಿಗೆ ಹೋಗಿ ನಾನೂ ಒಂದು ಮಾಡ್ತೀನಿ,” ಎಂದಳು ಗೆಳತಿ.

ಸಿಡುಕಿ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ನಿನ್ನೆಯಿಂದ ಅವುಗಳ ಮೇಲಿದ್ದ ಸಿಟ್ಟು ಹೋಗಿತ್ತು.